ಎಡಗಡೆಯ ಮಡಗಾರ್ಡ್

ಶಹಾಪುರದ ಸುತ್ತಮುತ್ತ ಯಾರ ಬಳಿ ಹಳೇ ಜೀಪಿದ್ದರೂ ಅದು ಒಂದಲ್ಲ ಒಂದು ದಿನ ಸುರಪುರ ರಸ್ತೆಯ ಬಾಷುಮಿಯಾನ ತಗಡಿನ ಶೆಡ್ಡಿನ ಮುಂದೆ ಬಂದು ನಿಲ್ಲಲೇಬೇಕು. ಎಂಜಿನ್ ಬಿಚ್ಚುವವರು ಊರ ತುಂಬ ಸಿಗುತ್ತಾರೆ. ಜೀಪಿನ ಮೈ ತಿದ್ದುವವನು ಇವನೊಬ್ಬನೇ. ಜಂಗು-ತುಕ್ಕು ತಿಂದ ನೆಲ, ಸೊಟ್ಟಗಾದ ಬಾನೆಟ್ಟು, ಮುಂದಿನ ಗಾಲಿಯ ಮೇಲೆ ಹರಿದು ಜೋತಾಡುವ ಮಡಗಾರ್ಡ್, ಇವುಗಳಲ್ಲಿ ಯಾವುದನ್ನು ಬಡಿದು ಸರಿಮಾಡಬೇಕು, ಯಾವುದನ್ನು ಕಿತ್ತೆಸೆದು ಬೇರೆ ತರಬೇಕು, ತರುವುದಾದರೆ ಹೊಸದೋ ಹಳೆಯದೋ ಎಂಬುದನ್ನು ಅವನೇ ಹೇಳಬೇಕು. ಅವನ ಮಾತಿಗೆ ಎದುರಾಡಿದವರು ಕಡಿಮೆ. ಎದುರಾಡಿದವರೂ ಆಮೇಲೆ ಮುಖ ಸಣ್ಣದು ಮಾಡಿಕೊಂಡು ಅದೇ ಶೆಡ್ಡಿಗೆ ಬಂದಿದ್ದಾರೆ.

ಅವನು ತಗಡನ್ನು ಕಣ್ಣಿಂದ ನೋಡಿ ಆರಿಸುವವನಲ್ಲ. ಬಲಗೈ ನಡುಬೆರಳಿನ ಗಿಣ್ಣಿನಿಂದ ಬಡಿದು, ಕಣ್ಣು ಮುಚ್ಚಿ ಕೇಳುತ್ತಿದ್ದ. ಸಂತೆಯಲ್ಲಿ ಹೆಣ್ಣುಮಕ್ಕಳು ಮಣ್ಣಿನ ಕೊಡ ಬಡಿದು ಕೊಳ್ಳುವುದಿಲ್ಲವೇ, ಹಾಗೆ. ಗಟ್ಟಿ ತಗಡು ಠಣ್ ಅನ್ನುತ್ತದೆ. ಒಳಗೊಳಗೇ ಜಂಗು ತಿಂದದ್ದು ಠಪ್ ಅನ್ನುತ್ತದೆ. ಪುಟ್ಟಿ ಮೆತ್ತಿ ತೂತು ಮುಚ್ಚಿದ್ದು ಏನೂ ಅನ್ನುವುದಿಲ್ಲ, ಗೋಡೆ ಬಡಿದ ಹಾಗಾಗುತ್ತದೆ. ಇದು ಅವನ ಉಸ್ತಾದ ಲಾಡ್ಲೇಸಾಬ ಕಲಿಸಿದ ವಿದ್ಯೆ. ಉಸ್ತಾದನ ಇನ್ನೊಂದು ಕಟ್ಟಪ್ಪಣೆಯೂ ಇತ್ತು: ಗಿಣ್ಣು ಒಮ್ಮೆ ಒಪ್ಪಿದ ತಗಡನ್ನು ಮತ್ತೆ ಕೆರೆದು ನೋಡಬಾರದು. ಕೆರೆದರೆ ಗಿರಾಕಿಯ ಮುಂದೆ ನಿನ್ನ ಕಿವಿಗೆ ನೀನೇ ಅವಮಾನ ಮಾಡಿದ ಹಾಗೆ. ಲಾಡ್ಲೇಸಾಬ ಮಣ್ಣಾಗಿ ಬಹಳ ಕಾಲವಾಯಿತು. ಅವನ ಕೈಕೆಳಗೆ ಕಲಿತವರು ಮಾತ್ರ ಈಗಲೂ ಆ ಮಾತು ಮೀರುವುದಿಲ್ಲ.

ತೊಂದರೆ ಏನೆಂದರೆ, ಬಾಷುಮಿಯಾನ ಕಿವಿ ಹೋಗಿತ್ತು.

ಒಮ್ಮೆಲೇ ಹೋದದ್ದಲ್ಲ. ಸುತ್ತಿಗೆಯ ಏಟಿನ ನಡುವೆ ಆಯುಷ್ಯ ಕಳೆದವನ ಕಿವಿ ಎಷ್ಟು ದಿನ ತಾಳೀತು? ಮೊದಲು ಗುಬ್ಬಿಗಳು ಸುಮ್ಮನಾದವು. ಆಮೇಲೆ ಮೊಬೈಲಿನ ರಿಂಗು, ಆಮೇಲೆ ಮಸೀದಿಯ ಬಾಂಗು ದೂರ ಸರಿದವು. ಈಗೀಗ ಎದೆಗೆ ಬಡಿಯುವಂಥ ಸದ್ದು ಮಾತ್ರ ಅವನನ್ನು ಮುಟ್ಟುತ್ತಿತ್ತು. ಇದನ್ನು ಅವನು ಯಾರಿಗೂ ಹೇಳಿರಲಿಲ್ಲ. ಶೆಡ್ಡಿನ ಗದ್ದಲದಲ್ಲಿ ಎಲ್ಲರೂ ಕೂಗಿಯೇ ಮಾತಾಡುತ್ತಾರೆ, ಅದು ಅನುಕೂಲವಾಯಿತು. ಮಿಕ್ಕದ್ದನ್ನು ತುಟಿ ನೋಡಿ ತಿಳಿಯುತ್ತಿದ್ದ. ತಿಳಿಯದಿದ್ದಾಗ "ಹ್ಞೂಂ, ಹ್ಞೂಂ" ಎಂದು ತಲೆಯಾಡಿಸಿಬಿಡುತ್ತಿದ್ದ. ಫೋನ್ ಬಂದರೆ ಕೈಗೆ ಆಯಿಲ್ ಹತ್ತಿದೆಯೆಂದು ಹೆಂಡತಿ ಮಮ್ತಾಜಳಿಗೆ ದಾಟಿಸುತ್ತಿದ್ದ. ಮಮ್ತಾಜಳಾದರೋ, ಗಂಡನಿಗೆ ಈಚೆಗೆ ಸೊಕ್ಕು ಬಂದಿದೆ, ಕರೆದರೆ ತಿರುಗಿಯೂ ನೋಡುವುದಿಲ್ಲ ಎಂದು ಮುನಿಸಿಕೊಂಡು ಮಾತು ಕಡಿಮೆ ಮಾಡಿದ್ದಳು. ಅದರಿಂದ ಅವನಿಗೆ ನೋವಾಗುತ್ತಿತ್ತು. ಆದರೂ ಬಾಯಿ ಬಿಡಲಿಲ್ಲ.

ಹೇಳಿಕೊಂಡರೆ ಗಂಟೇನು ಹೋಗುತ್ತಿತ್ತು ಎಂದು ಕೇಳುವವರು ಕೇಳಲಿ. ಕಣ್ಣು ಕಾಣದವನು ಬಂದು ನಿಮ್ಮ ಮನೆಗೆ ಬಣ್ಣ ಬಳಿಯುತ್ತೇನೆ ಅಂದರೆ ನೀವು ಬ್ರಷ್ ಕೊಡುತ್ತೀರಾ? ಕಿವಿ ಇಲ್ಲದ ಬಾಷುಮಿಯಾನಿಗೆ ಜೀಪು ಕೊಡುವವರು ಯಾರೂ ಇರಲಿಲ್ಲ. ಅದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಅಂಥ ಹೊತ್ತಿನಲ್ಲಿ ಕಕ್ಕೇರಾದ ಶರಣಕುಮಾರ ತನ್ನ ಟ್ರ್ಯಾಕ್ಟರಿಗೆ ಒಂದು ಜೀಪು ಕಟ್ಟಿ ಎಳೆದುಕೊಂಡು ಬಂದ. ಕಾಲುವೆ ನೀರಿನಲ್ಲಿ ಭತ್ತ ಬೆಳೆಯುವ ಹುಡುಗ. ಹಳೇ ಗಾಡಿಗಳೆಂದರೆ ಪ್ರಾಣ. ರೈಸ್ ಮಿಲ್ಲಿನ ಹಿಂದೆ ಬೇವಿನ ಗಿಡದ ಕೆಳಗೆ ಕೊಳೆಯುತ್ತಿದ್ದ ಜೀಪನ್ನು ಮಿಲ್ಲಿನವರ ಬೆನ್ನು ಹತ್ತಿ ಬಿಡಿಸಿಕೊಂಡಿದ್ದ. ಅವನ ಮದುವೆ ಗೊತ್ತಾಗಿತ್ತು. ಮುದನಾಳದ ಸುನಿತಾಳನ್ನು ಪಕ್ಕದಲ್ಲಿ ಕೂಡಿಸಿಕೊಂಡು, ಹಣಮಪ್ಪನ ಗುಡಿಯಿಂದ ಮದುವೆ ಮಂಟಪದವರೆಗೆ ಇದೇ ಜೀಪಿನಲ್ಲಿ ಮೆರೆಯಬೇಕೆಂಬುದು ಅವನ ಆಸೆ.

"ಕಾಕಾ, ಮಡಗಾರ್ಡ್ ಎರಡೂ ಹೊಸಾವ ತರಸ್ತೀನಿ. ಫೋನಿನ್ಯಾಗ ನೋಡೀನಿ, ಕನ್ನಡಿ ಹಂಗ ಹೊಳೀತಾವ" ಎಂದ ಶರಣಕುಮಾರ.

"ಹೊಳಿಯೋದು ತಗೊಂಡು ಏನ್ ಮಾಡ್ತಿ? ಹೊಸಾವು ಹಪ್ಪಳ ಇದ್ದಂಗ ಇರ್ತಾವ. ನಿಮ್ಮೂರಾಗ ಮಡಗಾರ್ಡ್ ಅಂದ್ರ ಗಾಲಿ ಮ್ಯಾಲಿನ ಮುಚ್ಚಳ ಅಲ್ಲಪಾ, ಕುರ್ಚಿ! ನಿಮ್ಮ ಮಾವ ಕುಂತ್ರ ಸೀದಾ ಗಾಲಿ ಕೆಳಗ ಹೋಗ್ತಾನ" ಎಂದ ಬಾಷುಮಿಯಾ.

ಅವನು ಅಂದದ್ದು ಸುಳ್ಳಲ್ಲ. ಕೊಡೇಕಲ್ಲಿಗೆ ಹೋಗುವ ಭಕ್ತರನ್ನು ಜೀಪುಗಳು ಹೊರುತ್ತಿದ್ದ ಕಾಲದಿಂದ ಈ ಕಡೆ ಮಡಗಾರ್ಡ್ ಎಂದರೆ ಎರಡು ಮಂದಿಯ ಜಾಗ. ಶರಣಕುಮಾರನ ಬಳಗದಲ್ಲಂತೂ ಅದಕ್ಕೊಂದು ಪದ್ಧತಿಯೇ ಆಗಿಬಿಟ್ಟಿತ್ತು. ಮೆರವಣಿಗೆಯ ಜೀಪಿನ ಎಡಗಡೆ ಮಡಗಾರ್ಡ್ ಮದುಮಗನ ಸೋದರಮಾವನದು. ಅವನು ತೊಡೆಯ ಮೇಲೆ ತೆಂಗಿನಕಾಯಿ ಚೀಲ ಇಟ್ಟುಕೊಂಡು ಕೂರಬೇಕು, ದಾರಿಯ ಒಂದೊಂದು ಗುಡಿಗೂ ಒಂದೊಂದು ಕಾಯಿ ಕೊಡುತ್ತ ಹೋಗಬೇಕು. ಮಂಟಪ ಬರುವತನಕ ಅವನ ಕಾಲು ನೆಲಕ್ಕೆ ಹತ್ತಬಾರದು. ನಡುದಾರಿಯಲ್ಲಿ ಇಳಿದರೆ ಮಾವನಿಗೆ ಈ ಸಂಬಂಧ ಒಪ್ಪಿಗೆಯಿಲ್ಲ ಎಂದು ಊರು ಲೆಕ್ಕ ಹಾಕುತ್ತದೆ. ಶರಣಕುಮಾರನ ಸೋದರಮಾವ ಅಯ್ಯಣ್ಣ ಹರೆಯದಲ್ಲಿ ಗರಡಿ ಮನೆಯಲ್ಲಿ ಬೆಳೆದ ಆಳು. ಕೂತರೆ ಮಂಚ ಮಾತಾಡುತ್ತದೆ.

"ಹಂಗಾದ್ರ ನೀವು ಹೇಳಿದ್ದ ಖರೆ. ಹಳೇದ ನೋಡೂಣು" ಎಂದು ಶರಣಕುಮಾರ ಒಪ್ಪಿಕೊಂಡ. ಗೆದ್ದ ಖುಷಿಯಲ್ಲಿ ಬಾಷುಮಿಯಾ ಮುಂದಿನದನ್ನು ಯೋಚಿಸಲಿಲ್ಲ. ಹಳೆಯದನ್ನು ಆರಿಸಬೇಕಾದರೆ ಬಡಿದು ಕೇಳಬೇಕು.

ಯಾದಗಿರಿಯಲ್ಲಿ ವಹಾಬನ ಗುಜರಿ ಎಂದರೆ ಸತ್ತ ಗಾಡಿಗಳ ಊರು. ಬಾಗಿಲುಗಳೇ ಒಂದು ಓಣಿ, ಬಾನೆಟ್ಟುಗಳೇ ಒಂದು ಓಣಿ. ಇಬ್ಬರೂ ಅಲ್ಲಿಗೆ ಹೋದಾಗ ಬಲಗಡೆಯ ಮಡಗಾರ್ಡ್ ಬೇಗ ಸಿಕ್ಕಿತು. ಅದು ಹಿಂದೊಮ್ಮೆ ಬಾಷುಮಿಯಾನೇ ಬಡಿದು ಕೂಡಿಸಿದ್ದು, ತನ್ನ ಕೈಯ ಬೆಸುಗೆಯನ್ನು ನೋಡಿಯೇ ಗುರುತಿಸಿದ. ಎಡಗಡೆಗೆ ವಹಾಬ ಎರಡು ತಂದು ಡ್ರಮ್ಮಿನ ಮೇಲಿಟ್ಟ. ಒಂದು ಅಲ್ಲಲ್ಲಿ ನಗ್ಗಿ, ಮೇಲೆಲ್ಲ ಜಂಗು ಹಿಡಿದು, ನೋಡಿದರೆ ಬೇಡ ಅನ್ನಿಸುವಂಥದು. ಇನ್ನೊಂದು ಕೆಂಪು ಪ್ರೈಮರ್ ಹೊಡೆದು ನೀಟಾಗಿ ಕೂತಿತ್ತು.

"ನೋಡ್ರಿ ಉಸ್ತಾದ್, ಯಾವುದ ಬೇಕು" ಎಂದು ವಹಾಬ ಪಕ್ಕಕ್ಕೆ ಸರಿದು ನಿಂತ. ಶರಣಕುಮಾರ ಫೋನ್ ಎತ್ತಿ ವಿಡಿಯೋ ಹಿಡಿದ.

ಬಾಷುಮಿಯಾ ಕಣ್ಣು ಮುಚ್ಚಿ ಮೊದಲನೆಯದನ್ನು ಬಡಿದ. ಗಿಣ್ಣು ನೋಯಿತೇ ಹೊರತು ಸದ್ದು ಬರಲಿಲ್ಲ. ಎರಡನೆಯದನ್ನು ಬಡಿದ. ಅದೂ ಅಷ್ಟೇ. ಅಂಚಿಗೆ ಬಡಿದ, ನಡುವೆ ಬಡಿದ, ಬೋಲ್ಟಿನ ತೂತಿನ ಹತ್ತಿರ ಬಡಿದ. ಬಗ್ಗಿ ಕಿವಿ ಹಚ್ಚಿದ. ಬಾವಿಯ ತಳದಲ್ಲಿ ಕೂತ ಹಾಗಿತ್ತು. ಕಣ್ಣು ಮುಚ್ಚಿಯೇ ಇದ್ದರೂ ಆ ಇಬ್ಬರೂ ತನ್ನ ಮುಖವನ್ನೇ ನೋಡುತ್ತಿದ್ದಾರೆಂದು ಅವನಿಗೆ ಗೊತ್ತಿತ್ತು. ಇನ್ನೂ ತಡಮಾಡಿದರೆ ಅನುಮಾನ ಬರುತ್ತದೆ. ಮನಸ್ಸು ಒದ್ದಾಡಿತು: ಗೊತ್ತಾಗವಲ್ಲದು ಅಂತ ಹೇಳಿಬಿಡಲೇ? ವಹಾಬನ ಮುಂದೆ? ಸುದ್ದಿ ಸಂಜೆಗೆ ಯಾದಗಿರಿ ತುಂಬ, ನಾಳೆ ಬೆಳಿಗ್ಗೆಗೆ ಶಹಾಪುರ, ನಾಡಿದ್ದಿಗೆ ಸುರಪುರ.

ಕಣ್ಣು ತೆರೆದ. ತೆರೆದ ಕಣ್ಣಿಗೆ ಕೆಂಪು ಪ್ರೈಮರಿನದು ಕಂಡಿತು. ನೇರವಾದ ಅಂಚು, ಒಂದು ನಗ್ಗಿಲ್ಲ, ಒಂದು ತೂತಿಲ್ಲ.

"ಇದು" ಎಂದ.

ಜೀವಮಾನದಲ್ಲಿ ಮೊದಲ ಸಲ ಅವನು ತಾನು ಕೈ ಹಚ್ಚದ ತಗಡನ್ನು ಕಣ್ಣಿಂದ ಆರಿಸಿದ್ದ. ಹೀಗೆ ಆರಿಸುವವರನ್ನು ಕಂಡರೆ, ಹೊರಗೆ ಥಳಕು ಒಳಗೆ ಹುಳುಕು ಅಂತ ನಗುತ್ತಿದ್ದವನು ಅವನೇ.

ವಹಾಬನ ಹುಬ್ಬು ಮೇಲೇರಿತು. "ಇದಾ?" ಎಂದದ್ದು ತುಟಿಯಲ್ಲಿ ತಿಳಿಯಿತು.

"ಯಾಕ, ನನ್ನ ಮ್ಯಾಲೆ ನಂಬಿಕಿ ಇಲ್ಲೇನು?"

"ಛೇ ಛೇ! ಉಸ್ತಾದ್ ಬಡಿದು ಒಪ್ಪಿದ ಮ್ಯಾಲ ಕೇಳಾಕ ನಾ ಯಾರು" ಎಂದು ವಹಾಬ ನಕ್ಕು, ಅದನ್ನು ಎತ್ತಿ ಗಾಡಿಗೆ ಹಾಕಿದ.

ಶೆಡ್ಡಿಗೆ ತಂದ ಮೇಲೆ ಕೆರೆದು ನೋಡಬಹುದಿತ್ತು. ಬಾಷುಮಿಯಾ ಗ್ರೈಂಡರ್ ಕೈಗೆತ್ತಿಕೊಂಡದ್ದೂ ನಿಜ. ಆದರೆ ಶರಣಕುಮಾರ ಅಲ್ಲೇ ಸ್ಟೂಲ್ ಹಾಕಿಕೊಂಡು ಕೂತಿದ್ದ. ಬಂದವರಿಗೆಲ್ಲ ಅವನದು ಒಂದೇ ಕಥೆ: "ಕಾಕಾ ಕಣ್ಣು ಮುಚ್ಚಿ ಬರೇ ಬೆರಳೀಲೆ ಬಡಿದು ಆರಿಸ್ಯಾರ!" ಅಂಥ ಮಾತಿನ ಎದುರು ಗ್ರೈಂಡರ್ ಹಚ್ಚುವುದು ಹೇಗೆ? ಉಸ್ತಾದನ ಕಟ್ಟಪ್ಪಣೆಯೂ ನೆನಪಾಯಿತು. ನೆನಪಾದದ್ದು ಒಳ್ಳೆಯದೇ ಆಯಿತು ಎಂದುಕೊಂಡ, ಅಂಜುವವನಿಗೆ ಒಂದು ನೆವ ಸಾಕು. ಎತ್ತಿ ಕೂಡಿಸುವಾಗ ಅದು ಬಲಗಡೆಯದಕ್ಕಿಂತ ತುಸು ಭಾರ ಅನ್ನಿಸಿತು. ಗಟ್ಟಿ ತಗಡು ಭಾರವೇ ಇರುತ್ತದೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡು ಬೋಲ್ಟ್ ಬಿಗಿದ. ಹಸಿರು ಬಣ್ಣ ಹೊಡೆದಾಯಿತು. ಜೀಪು ಹಾರ ಹಾಕಿಸಿಕೊಂಡು ಕಕ್ಕೇರಾಕ್ಕೆ ಹೋಯಿತು.

ಅಂದಿನಿಂದ ಅವನಿಗೆ ಅನ್ನ ಸೇರಲಿಲ್ಲ. ಊಟದ ತಾಟು, ನೀರಿನ ಚೊಂಬು, ಬಾಗಿಲು, ಸಿಕ್ಕಿದ್ದನ್ನೆಲ್ಲ ಗಿಣ್ಣಿನಿಂದ ಬಡಿದು ನೋಡುತ್ತಿದ್ದ. ಯಾವುದೂ ಮಾತಾಡಲಿಲ್ಲ. ಮದುವೆಗೆ ಕರೆದಿದ್ದರು, ಹೋಗುವ ಧೈರ್ಯವಾಗಲಿಲ್ಲ.

ಮದುವೆಯ ದಿನ ಬೆಳಿಗ್ಗೆ ಮಮ್ತಾಜ ಫೋನ್ ಕೈಯಲ್ಲಿ ಹಿಡಿದು ಶೆಡ್ಡಿಗೆ ಬಂದು ಅವನ ಎದುರು ನಿಂತಳು. ಅವರ ಮನೆಮಾತು ದಖನಿ ಉರ್ದು. ಕನ್ನಡದಲ್ಲಿ ಹೇಳಿದರೆ ಅವರ ಮಾತು ಹೀಗೆ ನಡೆಯಿತು.

"ವಹಾಬ ಫೋನ್ ಮಾಡ್ಯಾನ. ನಗಾಕತ್ತಾನ. ನೀವು ತಂದ ಕೆಂಪಂದು ಒಂದು ಢಾಬಾದ ಬಾಗಲದಾಗ ಚಂದಕ್ಕ ತೂಗಹಾಕಿದ್ದಂತ. ಹಿಂದಿನ ಅರ್ಧ ತಗಡೇ ಇಲ್ಲಂತ, ಜಾಳಗಿ ಇಟ್ಟು ಪುಟ್ಟಿ ಮೆತ್ಯಾರಂತ. ಢಾಬಾದಾವ ವಹಾಬಗ ಮಾರಿದ ಹಳೇ ಸಾಮಾನದಾಗ ಅದೂ ತಪ್ಪಿ ಸೇರಿ ಬಂದಿತ್ತಂತ, ಇವತ್ತ ಅದನ್ನ ಹುಡುಕ್ಕೋತ ಬಂದಾನ. ಉಸ್ತಾದ್ ಬಡಿದಾಗಲೇ ತಿಳಿದಿರಬೇಕು, ಬಿಚ್ಚಿ ಬ್ಯಾರೆ ತಗಡು ಹಾಕಿರಬೇಕಲ್ಲ ಅಂತ ಕೇಳಾಕತ್ತಾನ. ಏನ ಹೇಳ್ಲಿ?"

ಬಾಷುಮಿಯಾ ಕೈಯಲ್ಲಿದ್ದ ಸುತ್ತಿಗೆಯನ್ನು ಮೆಲ್ಲಗೆ ಕೆಳಗಿಟ್ಟ.

"ನೀವ ಬಡಿದು ನೋಡೀರಲ್ಲ?" ಎಂದು ಮಮ್ತಾಜ ಮತ್ತೆ ಕೇಳಿದಳು.

ಅವನು ನೆಲ ನೋಡಿದ. ಮಮ್ತಾಜ ಅವನನ್ನೇ ದಿಟ್ಟಿಸಿದಳು. ಆಮೇಲೆ ಮೆಲ್ಲಗೆ ಅವನ ಬೆನ್ನ ಹಿಂದೆ ಹೋಗಿ ನಿಂತು, ಏನೋ ಹೇಳಿದಳು. ಮತ್ತೂ ಜೋರಾಗಿ ಹೇಳಿದಳು. ಅವನು ತಿರುಗಲಿಲ್ಲ. ಮತ್ತೆ ಅವನ ಮುಂದೆ ಬಂದಾಗ ಅವಳ ಕಣ್ಣು ತುಂಬಿತ್ತು.

"ಯಾವಾಗಿಂದ?"

"ಭಾಳ ದಿನ ಆತು."

"ನಾ ಸೊಕ್ಕು ಅಂತ ತಿಳಿದಿದ್ನಿ. ಎಷ್ಟು ಬೈದೀನಿ ನಿಮಗ, ಹಿಂದ ನಿಂತು. ಒಂದೂ ಕೇಳಸಿಲ್ಲೇನು?"

ಅವನು ತಲೆಯಾಡಿಸಿದ. ಅಳುವುದೋ ನಗುವುದೋ ತಿಳಿಯದೆ ಅವಳು ಸೆರಗು ಬಾಯಿಗೆ ಒತ್ತಿಕೊಂಡಳು. ಆದರೆ ಅದಕ್ಕೆಲ್ಲ ಹೊತ್ತಿರಲಿಲ್ಲ. ಅಯ್ಯಣ್ಣ ಇಷ್ಟೊತ್ತಿಗೆ ಎಡಗಡೆ ಮಡಗಾರ್ಡ್ ಮೇಲೆ ಕೂತಿರುತ್ತಾನೆ. ಬಿದ್ದರೆ ಬೀಳುವುದು ಎಲ್ಲಿಗೋ ಅಲ್ಲ, ಮುಂದಿನ ಗಾಲಿಯ ಬಾಯಿಗೆ. ಮಮ್ತಾಜ ಶರಣಕುಮಾರನಿಗೆ ಫೋನ್ ಹಚ್ಚಿದಳು. ಹಚ್ಚಿದಳು, ಮತ್ತೆ ಹಚ್ಚಿದಳು. ಮದುಮಗ ಫೋನ್ ಎತ್ತುತ್ತಾನೆಯೇ?

ಬಾಷುಮಿಯಾ ತನ್ನ ಹಳೇ ಮೊಪೆಡ್ ಹೊರಗೆ ತೆಗೆದ. ಮಮ್ತಾಜ ಬುರ್ಖಾ ತೊಟ್ಟು ಹಿಂದೆ ಹತ್ತಿ ಕೂತುಬಿಟ್ಟಳು.

"ನೀ ಎಲ್ಲಿಗೆ?" ಎಂದು ಅವನು ಅವಳ ಕಡೆ ತಿರುಗಿದ.

"ಹಿಂದಿಂದ ಲಾರಿ ಬಂದ್ರ ಯಾರು ಹೇಳೋರು ನಿಮಗ? ಎಡಭುಜ ತಟ್ಟಿದ್ರ ಎಡಕ್ಕ ಸರೀರಿ. ಬಲಭುಜ ತಟ್ಟಿದ್ರ ಬಲಕ್ಕ. ಎರಡೂ ತಟ್ಟಿದ್ರ ನಿಲ್ಲಸ್ರಿ. ನಡೀರಿ."

ಇಷ್ಟು ದಿನ ಈ ರಸ್ತೆಯಲ್ಲಿ ಅವನು ಹಾರ್ನ್ ಕೇಳದೆಯೇ ಓಡಾಡಿದ್ದ, ದೇವರ ದಯೆಯೊಂದೇ ಹಿಂದೆ ಕೂತಿತ್ತು. ಇಂದು ಹೆಂಡತಿಯ ಕೈ ಇತ್ತು. ಸುರಪುರ ದಾಟುವವರೆಗೆ ಅವಳು ಎಡಭುಜವನ್ನು ಎಷ್ಟು ಸಲ ತಟ್ಟಿದಳೋ. ಭತ್ತದ ಲಾರಿಗಳು, ಬಸ್ಸುಗಳು, ಸದ್ದಿಲ್ಲದೆ ಬಂದು ಮೈ ಸವರಿಕೊಂಡು ಮುಂದೆ ಹೋಗುತ್ತಿದ್ದವು. ಕಾಲುವೆಯ ತಿರುವಿನಲ್ಲಿ ಅವನು ಮುಂದಿನ ಟ್ರ್ಯಾಕ್ಟರನ್ನು ದಾಟಲು ಬಲಕ್ಕೆ ಹೊರಳಿದಾಗ ಅವಳು ಭುಜ ತಟ್ಟಲಿಲ್ಲ, ಉಗುರು ನೆಟ್ಟಳು. ಎಡಕ್ಕೆ ಎಳೆದುಕೊಂಡ. ಒಂದು ಟ್ಯಾಂಕರು ಅವನ ಅಂಗಿಯ ತೋಳು ಅಲುಗಾಡುವಷ್ಟು ಹತ್ತಿರದಿಂದ ಹಾದುಹೋಯಿತು. ಆದರೂ ಅವನು ನಿಲ್ಲಿಸಲಿಲ್ಲ. ಸೋದರಮಾವನಿಗೆ ಏನಾದರೂ ಆದರೆ ಮದುವೆ ಮನೆಯೇ ಸಾವಿನ ಮನೆಯಾಗುತ್ತದೆ. ಆಮೇಲೆ ತನಗೆ ಕಿವಿ ಇದ್ದರೆಷ್ಟು, ಇಲ್ಲದಿದ್ದರೆಷ್ಟು.

ಕಕ್ಕೇರಾ ಸೇರಿದಾಗ ಮೆರವಣಿಗೆ ನಡುಊರಿಗೆ ಬಂದಿತ್ತು. ಮುಂದೆ ಟ್ರ್ಯಾಲಿಯ ಮೇಲೆ ಡಿಜೆ ಡಬ್ಬಿಗಳು, ಅದರ ಹಿಂದೆ ಹಲಗೆ ಬಾರಿಸುವವರು, ಕುಣಿಯುವ ಹರೆಯದವರು, ಆಮೇಲೆ ಹಸಿರು ಜೀಪು. ಬಾಸಿಂಗ ಕಟ್ಟಿಕೊಂಡ ಶರಣಕುಮಾರ, ಪಕ್ಕದಲ್ಲಿ ಸುನಿತಾ. ಎಡಗಡೆ ಮಡಗಾರ್ಡ್ ಮೇಲೆ ತಲೆಗೆ ಹಳದಿ ಪಟಗ ಸುತ್ತಿದ ಅಯ್ಯಣ್ಣ, ಎರಡೂ ಕಾಲು ಬಂಪರಿನ ಮೇಲಿಟ್ಟು, ತೊಡೆಯ ಮೇಲೆ ಕಾಯಿ ಚೀಲ ತಬ್ಬಿಕೊಂಡು, ಇಡೀ ಊರು ತನ್ನದೇ ಎಂಬಂತೆ ಕೂತಿದ್ದ. ಸ್ವಲ್ಪ ಮುಂದೆ ರಸ್ತೆ ಹಳ್ಳದ ಕಡೆಗೆ ಇಳಿಜಾರಾಗುತ್ತದೆ. ಅಲ್ಲಿ ಡಾಂಬರು ಕಿತ್ತು ತಗ್ಗು ಬಿದ್ದಿತ್ತು.

ಬಾಷುಮಿಯಾ ಗಾಡಿಯನ್ನು ಮಮ್ತಾಜಳ ಕೈಗೆ ಕೊಟ್ಟು ಮಂದಿಯೊಳಗೆ ನುಗ್ಗಿದ. ಸದ್ದು ಕಿವಿಗೆ ಬರಲಿಲ್ಲ, ಎದೆಯ ಎಲುಬಿಗೆ ಬಂದು ಗುದ್ದುತ್ತಿತ್ತು. ಜೀಪಿನ ಹತ್ತಿರ ಬಂದು ನೋಡಿದ. ಮಡಗಾರ್ಡಿನ ಹಿಂಬದಿಯಲ್ಲಿ, ಬೋಲ್ಟಿನ ಪಕ್ಕ, ಹಸಿರು ಬಣ್ಣ ಕೂದಲೆಳೆಯಷ್ಟು ಸೀಳಿ ಒಳಗಿನ ಬೂದು ಪುಟ್ಟಿ ಹಲ್ಲು ತೋರಿಸುತ್ತಿತ್ತು.

"ಯಜಮಾನ್ರ, ಇಳೀರಿ! ಕೆಳಗ ಇಳೀರಿ!" ಎಂದು ಅಯ್ಯಣ್ಣನ ಮೊಣಕಾಲು ಹಿಡಿದ.

ಅಯ್ಯಣ್ಣನ ಮುಖ ಕೆಂಪೇರಿತು. ಮೆರವಣಿಗೆ ನಡುವೆ ಸೋದರಮಾವನಿಗೆ ಇಳಿ ಅನ್ನುವುದೆಂದರೇನು! ಆತ ಏನೋ ಗದರಿದ. ದಪ್ಪ ಮೀಸೆಯಡಿ ತುಟಿ ಮುಚ್ಚಿಹೋಗಿ ಬಾಷುಮಿಯಾನಿಗೆ ಒಂದಕ್ಷರ ತಿಳಿಯಲಿಲ್ಲ. ಬಳಗದ ಹುಡುಗರು ಅವನ ತೋಳು ಹಿಡಿದು ಪಕ್ಕಕ್ಕೆ ಎಳೆದರು. ಒಬ್ಬ ಕೊರಳಪಟ್ಟಿಗೇ ಕೈ ಹಾಕಿದ. ಬಾಷುಮಿಯಾ ಬಿಡಿಸಿಕೊಂಡು ಬಂದು ಜೀಪಿನ ಮುಂದೆ ಅಡ್ಡ ನಿಂತ. ಡ್ರೈವರ್ ಬ್ರೇಕ್ ಒತ್ತಿದ.

ಶರಣಕುಮಾರ ಎದ್ದು ನಿಂತು ಬಗ್ಗಿದ. "ಕಾಕಾ, ಏನ್ ಹಚ್ಚೀರಿ ಇದು? ನನ್ನ ಮದುವಿ ದಿನಾನ ಸಿಕ್ತೇನು ನಿಮಗ?"

"ಎಡಗಡಿದು ಕಚ್ಚಾ ಅದ ಶರಣಕುಮಾರ! ಒಳಗ ತಗಡಿಲ್ಲ, ಪುಟ್ಟಿ ಅದ! ಮಾವಾರನ್ನ ಇಳಸು!"

ಶರಣಕುಮಾರನ ತುಟಿ ಅಲುಗಿತು. ಅದನ್ನು ಓದಲು ಕಷ್ಟವಾಗಲಿಲ್ಲ. ಬೆಳಿಗ್ಗೆ ಹೆಂಡತಿ ಕೇಳಿದ್ದೂ ಅದನ್ನೇ. "ನೀವ ಬಡಿದು ಒಪ್ಪೀರಲ್ಲ ಕಾಕಾ?"

ಸುಳ್ಳು ಹೇಳುವುದಕ್ಕೆ ಇನ್ನೂ ಜಾಗವಿತ್ತು. ವಹಾಬ ಮೋಸ ಮಾಡಿದ, ಬೇರೆ ಮಾಲು ಕೊಟ್ಟ ಅಂದರೆ ಮುಗಿಯಿತು, ನಂಬುತ್ತಿದ್ದರು. ಆ ಮಾತು ಬಾಷುಮಿಯಾನ ನಾಲಿಗೆಯ ತುದಿಗೂ ಬಂತು. ಆದರೆ ಯಾದಗಿರಿಯಲ್ಲಿ ಕೂತ ಬಡಪಾಯಿ ವಹಾಬನಿಗೆ ಈ ಊರ ಸಿಟ್ಟು ಹೊರಿಸುವುದು ಅವನಿಂದಾಗಲಿಲ್ಲ. ಡಿಜೆಯ ಅಬ್ಬರ ದಾಟಿ ಅಯ್ಯಣ್ಣನವರೆಗೆ ಮುಟ್ಟಲಿ ಎಂದು ಹೊಟ್ಟೆಯ ಉಸಿರನ್ನೆಲ್ಲ ಎಳೆದುಕೊಂಡು ಕೂಗಿದ:

"ನನಗ ಕಿವಿ ಕೇಳಸಂಗಿಲ್ಲ! ಭಾಳ ದಿನಾ ಆತು, ಏನೂ ಕೇಳಸಂಗಿಲ್ಲ! ಬಡಿದಿದ್ದು ಖರೆ, ಕೇಳಿದ್ದು ಸುಳ್ಳು! ಕಣ್ಣೀಲೆ ನೋಡಿ ಆರಿಸೀನಿ, ತಪ್ಪು ನಂದು! ನನ್ನ ಮಾತ ಕೇಳ್ರಿ, ಇಳೀರಿ ಯಜಮಾನ್ರ! ನಾ ಕಿವುಡ ಅದೀನಿ!"

ಜೀಪು ನಿಂತದ್ದು ಕಂಡು ಡಿಜೆಯವನು ಆಗಲೇ ಹಾಡು ನಿಲ್ಲಿಸಿದ್ದ. ಹಲಗೆಯವರೂ ಕೈ ಬಿಟ್ಟಿದ್ದರು. ಓಣಿಯಲ್ಲಿ ಪಿಟ್ಟೆನ್ನುವ ಸದ್ದಿರಲಿಲ್ಲ. ಬಾಷುಮಿಯಾನಿಗೆ ಅದು ಗೊತ್ತಾಗಲೇ ಇಲ್ಲ. ಇಲ್ಲದ ಗದ್ದಲದ ಮೇಲೆ ಅವನು ಗಂಟಲು ಹರಿಯುವಂತೆ ಕೂಗುತ್ತಲೇ ಇದ್ದ. ಮಾಳಿಗೆಯ ಮೇಲೆ ನಿಂತ ಹೆಂಗಸರು, ಕಟ್ಟೆಯ ಮೇಲಿನ ಮುದುಕರು, ಬೀಗರು, ಸುನಿತಾ, ಎಲ್ಲರೂ ಕೇಳಿದರು. ಆಮೇಲೆ ಅವನ ಕಣ್ಣು ಹಲಗೆಯವರ ಸುಮ್ಮನಿದ್ದ ಕೈಗಳ ಮೇಲೆ ಬಿತ್ತು. ಅಲ್ಲಿಂದ ಜನರ ಮುಖಗಳ ಮೇಲೆ. ಯಾರೂ ಕುಣಿಯುತ್ತಿರಲಿಲ್ಲ, ಎಲ್ಲರೂ ಇವನನ್ನೇ ನೋಡುತ್ತಿದ್ದರು. ಅವನ ಬಾಯಿ ಅರ್ಧ ಮಾತಿಗೇ ನಿಂತಿತು.

ಶರಣಕುಮಾರ ಬಾಸಿಂಗ ಹಿಂದಕ್ಕೆ ಸರಿಸಿ ಅವನನ್ನು ನೋಡಿದ. ಸಿಟ್ಟೋ, ಕನಿಕರವೋ ಆ ಹುಡುಗನಿಗೇ ತಿಳಿದಿರಲಿಲ್ಲ. ಮಾವನ ಕಡೆ ತಿರುಗಿದ. ಮಾವ ಇಳಿದರೆ ಅಪಶಕುನ, ಇಳಿಯದಿದ್ದರೆ ಅದಕ್ಕಿಂತ ಕೆಟ್ಟದ್ದು. ಸುನಿತಾಳ ಕಡೆಯ ಹಿರಿಯರು ಅಯ್ಯಣ್ಣನ ಕಾಲನ್ನೇ ನೋಡುತ್ತಿದ್ದರು.

ಅಯ್ಯಣ್ಣ ಹಳ್ಳದ ಇಳಿಜಾರು ನೋಡಿದ. ಬಾಷುಮಿಯಾನ ಮುಖ ನೋಡಿದ. ಕಾಯಿ ಚೀಲವನ್ನು ಪಕ್ಕಕ್ಕೆ, ಮಡಗಾರ್ಡ್ ಮೇಲೆ ಇಟ್ಟ. ನೆಲಕ್ಕೆ ಕಾಲಿಡ​ದೆ, ಬಂಪರಿನ ಮೇಲೆ ಎದ್ದು ನಿಂತು, ಬಾನೆಟ್ಟಿನ ಮೇಲಕ್ಕೆ ಮೈ ಹೊರಳಿಸಲೆಂದು ಒಂದು ಅಂಗೈಯನ್ನು ಮಡಗಾರ್ಡಿಗೆ ಊರಿ ಬಲ ಹಾಕಿದ.

ಅದು ಮುರಿದ ಸದ್ದು ಬಾಷುಮಿಯಾನಿಗೆ ಕೇಳಲಿಲ್ಲ. ಮಂದಿ ಒಮ್ಮೆಲೇ ಹಿಂದೆ ಸರಿದದ್ದು ಕಂಡಿತು. ಹಸಿರು ಮಡಗಾರ್ಡಿನ ಹಿಂದಿನರ್ಧ ಕಳಚಿ ಗಾಲಿಯ ಮುಂದೆ ಬಿದ್ದಿತ್ತು. ಚೀಲದ ಬಾಯಿ ಬಿಚ್ಚಿ ತೆಂಗಿನಕಾಯಿಗಳು ಒಂದರ ಹಿಂದೊಂದು ಇಳಿಜಾರಿನಲ್ಲಿ ಹಳ್ಳದ ಕಡೆಗೆ ಉರುಳುತ್ತಿದ್ದವು. ಅಯ್ಯಣ್ಣ ಬಾನೆಟ್ಟಿನ ಮೇಲೆ ಬೋರಲು ಬಿದ್ದಿದ್ದ, ಕಾಲು ಗಾಳಿಯಲ್ಲಿತ್ತು. ಇಬ್ಬರು ಓಡಿಬಂದು ಆ ಕಾಲು ನೆಲ ಮುಟ್ಟದ ಹಾಗೆ ಎತ್ತಿ ಹಿಡಿದರು. ಆತ ನಿಧಾನವಾಗಿ ಮೇಲಕ್ಕೆ ಸರಿದು ಎದ್ದು ಕೂತ.

ಯಾರೋ ಪುಟ್ಟಿಯ ತುಂಡು ಎತ್ತಿ ಬೆರಳಿನಿಂದ ಮುರಿದು ತೋರಿಸಿದರು. ಶರಣಕುಮಾರ ಅದನ್ನೂ ಗಾಲಿಯನ್ನೂ ನೋಡಿ ಬೆವರು ಒರೆಸಿಕೊಂಡ. ಬಾಷುಮಿಯಾ ಅಲ್ಲೇ ನಿಂತಿದ್ದ. ಬೈಯಲಿ, ಹೊಡೆಯಲಿ, ಆಮೇಲೆ ಹೋಗುವುದು ಎಂದುಕೊಂಡಿದ್ದ. ನಾಳೆಯಿಂದ ಶೆಡ್ಡಿನ ಮುಂದೆ ಜೀಪು ಬರುವುದಿಲ್ಲ ಎಂಬುದು ಅವನಿಗೆ ನಿಚ್ಚಳವಾಗಿ ಕಾಣುತ್ತಿತ್ತು.

ಅಯ್ಯಣ್ಣ ಬಾನೆಟ್ಟಿನ ಮೇಲಿಂದ ಅವನನ್ನು ನೋಡಿ ಏನೋ ಕೇಳಿದ. ಮತ್ತದೇ ಮೀಸೆ. ರೂಢಿಯಂತೆ ಬಾಷುಮಿಯಾನ ತಲೆ ಆಡಲು ಹೊರಟಿತ್ತು. ಅವನು ತಡೆದುಕೊಂಡ.

"ಯಜಮಾನ್ರ, ಜೋರಾಗಿ ಹೇಳ್ರಿ. ನನಗ ಕೇಳಸಲಿಲ್ಲ."

ಅಯ್ಯಣ್ಣ ಬಗ್ಗಿ, ಅವನ ಹೆಗಲ ಮೇಲೆ ಕೈಯಿಟ್ಟು ಹತ್ತಿರ ಎಳೆದುಕೊಂಡು, ಕಿವಿಗೇ ಬಾಯಿ ಹಚ್ಚಿ ಗುಡುಗಿದ:

"ಬಾನೆಟ್ಟಾದ್ರೂ ಗಟ್ಟಿ ಅದೋ ಇಲ್ಲೋ?"

"ಗಟ್ಟಿ ಅದರಿ" ಎಂದ ಬಾಷುಮಿಯಾ.

ಅಯ್ಯಣ್ಣ ಬಾನೆಟ್ಟಿನ ಮೇಲೆ ಚಕ್ಕಳಮಕ್ಕಳ ಹಾಕಿ ತನ್ನ ಭಾರವನ್ನೆಲ್ಲ ಬಿಟ್ಟು ಕೂತು, ಗಾಡಿ ಬಿಡು ಎಂದು ಡ್ರೈವರನಿಗೆ ಕೈ ಮಾಡಿದ.